ತೋಟದ ಸಮಿತಿಯ ಐದನೆಯ ಕುರ್ಚಿ

ಕುರ್ಚಿಯ ತುದಿಯಲ್ಲಿ ಕೂರುವವರನ್ನು ಕಂಡರೆ ನನಗೆ ಒಂದು ಬಗೆಯ ಅಂಜಿಕೆ. ಬೆನ್ನಿಗೆ ಅಷ್ಟು ವಿಶಾಲವಾದ ಆಸರೆಯಿದ್ದರೂ ಅದನ್ನು ಮುಟ್ಟದೆ, ಅಂಗೈಯಗಲದ ಜಾಗದಲ್ಲಿ ದೇಹಭಾರವನ್ನೆಲ್ಲ ಸಂಭಾಳಿಸುವ ಈ ಸಜ್ಜನರು ‘ಆಗುವುದಿಲ್ಲ’ ಎಂದು ಹೇಳಿ ಏಳುವುದಕ್ಕೇ ಬಂದವರೆಂಬುದು ನನ್ನ ಸಿದ್ಧಾಂತವಾಗಿತ್ತು. ಅದು ಹುಟ್ಟಿದ್ದು ನಾನು ಕೋಡಿಬಾಗದ ತೋಟದ ಸಮಿತಿಗೆ ಕಾರ್ಯದರ್ಶಿಯಾಗಿದ್ದಾಗ. ಆ ಪದವಿ ನನ್ನನ್ನು ಅರಸಿ ಬಂದದ್ದು ವಿದ್ವತ್ತಿಗಾಗಿ ಅಲ್ಲ. ಮೊದಲ ಸಭೆಗೆ ಪೆನ್ಸಿಲು ತಂದವನು ನಾನೊಬ್ಬನೇ ಆಗಿದ್ದೆ.

ಕಾಳಿ ನದಿಯ ದಂಡೆಯ ಬಯಲಿನಲ್ಲಿ ನೆರಳಿನ ಮರಗಳನ್ನು ನೆಟ್ಟು, ಮಕ್ಕಳು ಆಡುವುದಕ್ಕೆ, ದುಡಿದು ಬಂದವರು ಗಾಳಿಗೆ ಕೂರುವುದಕ್ಕೆ ಒಂದು ತೋಟ ಮಾಡಬೇಕೆಂಬುದು ನಮ್ಮ ಹಂಬಲ. ರವಿವಾರದೊಳಗೆ ಐವರ ಸಮಿತಿ ಆಗದಿದ್ದರೆ ಬಯಲನ್ನು ದಿಮ್ಮಿ ಪೇರಿಸುವವರಿಗೆ ಕೊಡುವುದಾಗಿ ಮುನ್ಸಿಪಾಲಿಟಿಯವರು ಹೇಳಿಬಿಟ್ಟಿದ್ದರು. ನಾವಿದ್ದದ್ದು ನಾಲ್ವರು. ಊರಿನಲ್ಲಿ ತೋಟ ಬೇಡವೆನ್ನುವವರು ಒಬ್ಬರೂ ಇರಲಿಲ್ಲ. ಸಮಿತಿಗೆ ಬರುತ್ತೇನೆನ್ನುವವರೂ ಒಬ್ಬರಿರಲಿಲ್ಲ.

ಕೊನೆಗೆ ನೆನಪಾದವರು ಅಂಕೋಲೆಯ ಕಡೆಯ ಭಾವಿಕೇರಿಯ ಹಮ್ಮಣ್ಣನವರು. ಚಳವಳಿಯಲ್ಲಿ ಜೈಲು ಕಂಡುಬಂದ ಮೇಲೆ ಅವರ ಮಾತಿಗೆ ಎರಡೂ ಊರುಗಳಲ್ಲಿ ತೂಕವಿತ್ತು. ಅವರ ಮಗಳು ಸಾವಿತ್ರಿ ನಮ್ಮ ಕೋಡಿಬಾಗದಲ್ಲೇ ಹೆಣ್ಣುಮಕ್ಕಳ ಶಾಲೆಯ ಅಕ್ಕೋರು. ಅವಳನ್ನು ನೋಡಲು ಅವರು ಆಗಾಗ ಬರುತ್ತಿದ್ದರು. ದಾರಿಯಲ್ಲಿ ಸಿಕ್ಕಾಗಲೇ ಕೇಳಬಹುದಿತ್ತು. ಆದರೆ ನಮ್ಮ ಅಧ್ಯಕ್ಷ ಪಾಂಡುಮಾಮ ಒಪ್ಪಬೇಕಲ್ಲ! ದಾರಿಯಲ್ಲಿ ಕರೆದದ್ದು ಕರೆಯೇ ಅಲ್ಲ, ಮನೆಗೇ ಹೋಗಿ, ತೆಂಗಿನಕಾಯಿ ವೀಳ್ಯ ಕೊಟ್ಟು ಕರೆಯಬೇಕೆಂದು ಹಟ ಹಿಡಿದರು.

ಹೀಗಾಗಿ ಶಾಲೆಗೆ ರಜೆಯೆಂದು ಸಾವಿತ್ರಿಯೂ ಊರಿಗೆ ಹೋಗಿದ್ದ ಒಂದು ಶುಭದಿನ, ಇಸ್ತ್ರಿ ಮಾಡಿದ ಕೋಟು ತೊಟ್ಟ ಇಬ್ಬರು ಗಂಡಸರು ಕಾಯಿ ಹಿಡಿದುಕೊಂಡು, ಮದುವೆಗೆ ಬಂದ ಮಗಳಿರುವ ಮನೆಯ ಜಗಲಿ ಹತ್ತಿದರು. ಮನೆಯವರು ಏನೆಂದುಕೊಳ್ಳಬೇಕೋ ಅದನ್ನೇ ಅಂದುಕೊಂಡರು. ಒಳಗೆ ಗಡಿಬಿಡಿಯಾಯಿತು. ಸಾವಿತ್ರಿ ಹೊಸ ಸೀರೆಯುಟ್ಟು, ತಟ್ಟೆಯಲ್ಲಿ ಬೆಲ್ಲ ನೀರು ತಂದಿಟ್ಟು, ಅಪ್ಪನ ಕಣ್ಸನ್ನೆಯಂತೆ ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿ ಕೂತಳು.

“ಹುಡುಗ ಎಂತ ಮಾಡ್ಕಂಡಿದ್ದ?” ಎಂದರು ಹಮ್ಮಣ್ಣನವರು.

“ಕಸಲೊ? ಯಾವ ಹುಡುಗ?” ಪಾಂಡುಮಾಮ ಕಣ್ಣರಳಿಸಿದರು. “ನಾವು ಬಂದದ್ದು ತೋಟದ ಸಮಿತಿಗೆ ನಿಮ್ಮನ್ನ ಕರೂಕೆ.”

ಹಮ್ಮಣ್ಣನವರ ಮುಖ ಬಾಡಿತು. “ಎಷ್ಟೋ ಜನ ಬಂದ್ರು, ಬೆಲ್ಲ ತಿಂದು ನೀರು ಕುಡ್ದು ಹೋದ್ರು. ಆಮೇಲೆ ಸುದ್ದಿ ಇಲ್ಲ. ನಂಗೆ ಯಾವ ಸಮಿತಿನೂ ಬ್ಯಾಡ,” ಎಂದರು, ನಮಗಲ್ಲ, ಅಂಗಳಕ್ಕೆ ಹೇಳುವಂತೆ. ನನಗಂತೂ ಭೂಮಿ ಬಾಯಿಬಿಟ್ಟರೆ ಸಾಕಿತ್ತು.

ನಕ್ಕವಳು ಸಾವಿತ್ರಿ. “ಅಪ್ಪಾ, ಅವ್ರೆಲ್ಲ ನನ್ನ ನೋಡೂಕೆ ಬಂದಿದ್ರು. ಇವ್ರು ಕೆಲ್ಸಕ್ಕೆ ಕರೂಕೆ ಬಂದಾರೆ. ನೀ ಹೋಗೂದಿಲ್ಲಾದ್ರೆ ನಾ ಹೋಗ್ತೆ.”

ನಿತ್ಯ ನಮ್ಮ ಬಯಲನ್ನು ದಾಟಿಯೇ ಶಾಲೆಗೆ ಹೋಗುತ್ತಿದ್ದ ಆಕೆಯ ಹೆಸರು ನಮ್ಮ ನಾಲ್ಕು ತಲೆಗಳಲ್ಲಿ ಒಂದಕ್ಕೂ ಹೊಳೆದಿರಲಿಲ್ಲ. ಪಾಂಡುಮಾಮ ಎದ್ದು ತೆಂಗಿನಕಾಯಿಯನ್ನು ಅವಳ ಕೈಗೇ ಕೊಟ್ಟರು. ಹಮ್ಮಣ್ಣನವರು ಮಗಳ ಕೈಯ ಕಾಯಿಯನ್ನು ನೋಡಿ, “ಬಸ್ಸು ತಪ್ಪಿದ್ರೆ ತಪ್ಲಿ, ಊಟ ಮಾಡ್ಕಂಡೇ ಹೋಗಿ,” ಎಂದರು. ಅದೇ ಒಪ್ಪಿಗೆ.

ರವಿವಾರ ಬಯಲಿನಲ್ಲಿ ಐದು ಕುರ್ಚಿ ಹಾಕಿದೆವು. ಅಪ್ಪನೊಡನೆ ಬಂದ ಸಾವಿತ್ರಿ ಐದನೆಯ ಕುರ್ಚಿಯ ತುದಿಯಲ್ಲಿ ಕೂತಳು. ನನ್ನ ಸಿದ್ಧಾಂತದ ಪ್ರಕಾರ ತೋಟ ಹೋದಂತೆಯೇ! ಅಷ್ಟರಲ್ಲಿ ಬೆಲ್ಲ ನೀರಿನ ತಟ್ಟೆ ಬಂತು. ಕಂಡೊಡನೆ ಅವಳು ಅದನ್ನು ಎತ್ತಿಕೊಂಡು ಎಲ್ಲರಿಗೂ ಕೊಡಲು ಅರ್ಧ ಎದ್ದೇಬಿಟ್ಟಳು. ಇಷ್ಟು ವರ್ಷ ಅವಳು ತುದಿಯಲ್ಲಿ ಕೂತದ್ದು ಈ ಏಳುವಿಕೆಗಾಗಿ ಎಂಬುದು ನನಗೆ ಆಗ ತಿಳಿಯಿತು.

“ಕೂತ್ಕ ಮಗಾ,” ಹಿಂದಿನಿಂದ ಹಮ್ಮಣ್ಣನವರ ದನಿ ಬಂತು. “ಇಂದು ಅವ್ರು ಕೊಡ್ತಾರೆ.”

ತಟ್ಟೆ ಹಿಡಿದು ನಾನೇ ಹೋದೆ. ಅಭ್ಯಾಸವಿಲ್ಲದ ಕೈ, ನೀರು ಅರ್ಧ ಕೋಟಿನ ಪಾಲಾಯಿತು. ಸಾವಿತ್ರಿ ಬೆಲ್ಲದ ತುಂಡನ್ನು ಬಾಯಿಗಿಟ್ಟುಕೊಂಡು, ನೀರು ಕುಡಿದು, ನಿಧಾನವಾಗಿ ಹಿಂದಕ್ಕೆ ಒರಗಿದಳು. ಬಯಲು ನಮಗೆ ಉಳಿಯಿತು. ಆ ಸಭೆ ಮುಗಿಯುವವರೆಗೂ ಒದ್ದೆ ಕೋಟಿನಲ್ಲಿ, ಯಾರ ಲೋಟ ಬರಿದಾಯಿತೆಂದು ನೋಡುತ್ತ, ಕುರ್ಚಿಯ ತುದಿಯಲ್ಲಿ ಕೂತಿದ್ದವನು ನಾನು.