ಬಿಸಿಲು ಮಾರಮ್ಮನ ಮುಂದೆ ನಾನು ಕೊಟ್ಟ ದೂರು

ನನ್ನ ವಾರಗಿತ್ತಿಯ ಸೊಂಟ ಮುರಿಯಲಿ ಎಂದು ದೇವರಲ್ಲಿ ಬೇಡಿಕೊಂಡವಳು ನಾನು. ತಾಯಿಯ ಮಹಿಮೆ ಹೇಳುವ ಇಂಥ ಬರಹ ಒಳ್ಳೆಯ ಮಾತಿನಿಂದ ಶುರುವಾಗಬೇಕು ಎಂದು ಗೊತ್ತು. ಆದರೆ ಅಮ್ಮನ ಮುಂದೆ ಬಾಯಿಬಿಟ್ಟು ಹೇಳಿದ್ದನ್ನು ಅಮ್ಮನ ಮಕ್ಕಳಾದ ನಿಮ್ಮ ಮುಂದೆ ಮುಚ್ಚಿಟ್ಟರೆ ಅದು ಮೋಸವಾಗುತ್ತದೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನನ್ನ ಹೆಸರು ರತ್ನಮ್ಮ. ಬಿಳಿಕೆರೆಯಲ್ಲಿ ಬಸ್ಸಿಳಿದು ಆಟೋ ಹತ್ತಿ ಒಳಕ್ಕೆ ಬರಬೇಕಾದ ಊರು ನಮ್ಮದು. ಒಂದಿಷ್ಟು ಹೊಗೆಸೊಪ್ಪು, ಒಂದಿಷ್ಟು ರಾಗಿ, ಹಾಲು ಕರೆಯುವ ಎರಡು ಹಸು. ಐದು ವರ್ಷದ ಹಿಂದೆ ಸೊಪ್ಪು ಮುರಿಯುವ ಕಾಲದಲ್ಲಿ ಹಸಿ ಸೊಪ್ಪಿನ ಹೊರೆ ಹೊತ್ತು ಬರುವಾಗ ಬದುವಿನ ಮೇಲೆ ಕಾಲು ಜಾರಿ ಕುಕ್ಕರಿಸಿದೆ. ಬಿದ್ದೆ ಎಂದು ಹೇಳುವಷ್ಟೂ ಬೀಳಲಿಲ್ಲ. ಎದ್ದು, ಸೀರೆ ಕೊಡವಿಕೊಂಡು ನಕ್ಕೆ. ಮರುದಿನ ಬೆಳಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಸೊಂಟದಿಂದ ಎಡಗಾಲಿನ ಹಿಮ್ಮಡಿವರೆಗೆ ಯಾರೋ ಕಾದ ತಂತಿ ಎಳೆದ ಹಾಗಿತ್ತು. ಆ ತಂತಿ ಇಂದಿಗೂ ಒಳಗೇ ಇದೆ.

ಮೈಸೂರಿನಲ್ಲಿ ಸ್ಕ್ಯಾನಿಂಗ್ ಆಯಿತು. ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು, "ಮೂಳೆ ಮಧ್ಯದ ಮೆತ್ತೆ ಜರುಗಿದೆಯಮ್ಮ. ಆಪರೇಷನ್ ಬೇಕಾಗಿಲ್ಲ. ಆದರೆ ನೋವು ಪೂರ್ತಿ ಹೋಗುತ್ತೆ ಅಂತ ಸುಳ್ಳು ಹೇಳಲ್ಲ. ಇದರ ಜೊತೆ ಬಾಳೋದನ್ನ ಕಲೀಬೇಕು," ಎಂದರು. ಮಾತ್ರೆ ಬರೆದುಕೊಟ್ಟು, ಹುಣಸೂರಿನಲ್ಲೇ ವ್ಯಾಯಾಮ ಹೇಳಿಕೊಡುತ್ತಾರೆ, ಅಲ್ಲಿಗೆ ಹೋಗಿ ಎಂದರು. ನಾನು ಹೋಗಲಿಲ್ಲ. ಹೊಲದಲ್ಲಿ ಬಗ್ಗಿ ಎದ್ದು ಸತ್ತವಳಿಗೆ ಇನ್ನೆಂಥ ವ್ಯಾಯಾಮ ಎಂದುಕೊಂಡೆ.

ಕೈ ಮುರಿದರೆ ಪಟ್ಟಿ ಕಟ್ಟುತ್ತಾರೆ, ನಾಲ್ಕು ಜನ ನೋಡಿ ಅಯ್ಯೋ ಅನ್ನುತ್ತಾರೆ. ಸೊಂಟದ ನೋವನ್ನು ಯಾರಿಗೆ ಬಿಚ್ಚಿ ತೋರಿಸುವುದು? ಬೆಳಗ್ಗೆ ಏಳಲಾಗದವಳು ಮಧ್ಯಾಹ್ನ ಎದ್ದು ಮುದ್ದೆ ತಿರುವಿದರೆ ನೋಡುವವರಿಗೆ ಅನುಮಾನ. ನನ್ನ ಮೈದುನನ ಹೆಂಡತಿ ಜಯ ಗೋಡೆಯಾಚೆಗಿನ ಮನೆಯವಳು. ಅವಳಿಗೆ ಅನುಮಾನವೂ ಇರಲಿಲ್ಲ, ನಾನು ಮೈಗಳ್ಳಿ ಎಂದು ತೀರ್ಮಾನವೇ ಆಗಿತ್ತು. ನಲ್ಲಿ ಹತ್ತಿರ ನಿಂತು, "ಸೊಪ್ಪಿನ್ ಕಾಲ ಬಂದ್ರೆ ಸಾಕು ಕಣ್ರವ್ವ, ನಮ್ಮಕ್ಕಂಗೆ ಸೊಂಟ ಇಡ್ಕತದೆ," ಎಂದು ಎಲ್ಲರಿಗೂ ಹೇಳುತ್ತಿದ್ದಳು. ಅದು ನನ್ನ ಕಿವಿಗೂ ಬೀಳುವಷ್ಟು ಜೋರಾಗಿಯೇ.

ಎರಡು ವರ್ಷದ ಹಿಂದೆ ಕೆ.ಆರ್. ನಗರದ ಒಂದು ಛತ್ರದಲ್ಲಿ ನಮ್ಮ ಕಡೆಯವರ ಮದುವೆ. ಊಟ ಮುಗಿಸಿ ಕೈ ತೊಳೆದುಕೊಂಡು ಬರುತ್ತಿದ್ದೆ. ಹೆಂಗಸರು ಗುಂಪಾಗಿ ಕೂತು ನಗುತ್ತಿದ್ದರು. ಅವರ ನಡುವೆ ಜಯ ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡು, ಎಡಗಾಲು ಎಳೆಯುತ್ತ, ಮುಖ ಸೊಟ್ಟ ಮಾಡಿಕೊಂಡು ನಡೆಯುತ್ತಿದ್ದಳು. "ಅಯ್ಯೋ, ಆಗಕಿಲ್ಲ ಕಣ್ರಪ್ಪೋ, ಆಗಕಿಲ್ಲ," ಎಂದು ನನ್ನ ದನಿಯನ್ನೇ ತೆಗೆದಳು. ನನ್ನ ಮಗಳು ಸುಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು. ಭುಜ ಕುಲುಕುತ್ತಿತ್ತು. ಬಾಗಿಲ ಹತ್ತಿರ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ನಮ್ಮ ಯಜಮಾನರೂ ನಕ್ಕರು. ದೊಡ್ಡ ನಗುವಲ್ಲ, ಮೀಸೆಯೊಳಗಿನ ನಗು. ಅದನ್ನು ನಾನು ಒದ್ದೆ ಕೈಯಲ್ಲಿ ನಿಂತು ನೋಡಿದೆ.

ವಾಪಸ್ ಬರುವಾಗ ಬಸ್ಸು ಕುಲುಕಿದಾಗೆಲ್ಲ ಮನಸ್ಸಿನಲ್ಲೇ ಜಯಳ ಹೆಸರು ಹೇಳಿ ಒಂದೊಂದು ಶಾಪ ಹಾಕಿದೆ. ಬಿಳಿಕೆರೆ ಬರುವ ಹೊತ್ತಿಗೆ ನನಗೆ ಗೊತ್ತಿದ್ದ ಶಾಪಗಳೆಲ್ಲ ಮುಗಿದಿದ್ದವು.

ಆಮೇಲೆ ಹಾಸಿಗೆ ಹಿಡಿದೆ. ತಲೆ ಬಾಚುತ್ತಿರಲಿಲ್ಲ. ಮಾತ್ರೆ ನುಂಗಿ ಗೋಡೆ ಕಡೆ ಮುಖ ಮಾಡಿ ಮಲಗಿದರೆ ಬೆಳಗಾಗದಿದ್ದರೆ ಸಾಕು ಅನ್ನಿಸುತ್ತಿತ್ತು. ಒಂದೇ ಒಂದು ಆಸೆ ಉಳಿದಿತ್ತು. ಅವಳೂ ಒಂದು ದಿನ ಹೀಗೆ ಬೀಳಬೇಕು, ಆಗ ಕಣ್ಣುಬಿಟ್ಟು ನೋಡಲು ನಾನು ಇರಬೇಕು.

ನಮ್ಮೂರಾಚೆ ಕೆರೆ ಏರಿಯ ಕೆಳಗೆ ಬಿಸಿಲು ಮಾರಮ್ಮ ಇದ್ದಾಳೆ. ನನಗೆ ಸೂರು ಬೇಡ ಎಂಬುದು ಆ ತಾಯಿಯ ಅಪ್ಪಣೆಯಂತೆ, ಅದಕ್ಕೇ ಚಾವಣಿಯಿಲ್ಲದ ಗುಡಿಯಲ್ಲಿ ಬಿಸಿಲಿಗೂ ಮಳೆಗೂ ಮೈಯೊಡ್ಡಿ ಕೂತಿದ್ದಾಳೆ. ಅನ್ಯಾಯವಾದವರು ತಮ್ಮ ಬಾಗಿಲ ಮುಂದಿನ ಮಣ್ಣು ಒಂದು ಹಿಡಿ ತಂದು ಅಮ್ಮನ ಮುಂದೆ ತೂರಿ, ಹೆಸರು ಹೇಳಿ ದೂರು ಕೊಡುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಮಗಳ ಸ್ಕೂಟರ್ ಹಿಂದೆ ಕೂತು ಮಣ್ಣು ಕಟ್ಟಿಕೊಂಡು ಹೋದೆ. ಪೂಜೆ ಮಾಡುವ ನಿಂಗಯ್ಯ ಸ್ಕೂಟರ್ ನೋಡಿದ ಕೂಡಲೇ ಕೈ ಅಡ್ಡ ಮಾಡಿದ.

"ನಡ್ಕಂಡ್ ಬರ್ಬೇಕು ಕಣವ್ವ. ಮಂಗಳವಾರ ಮಂಗಳವಾರ ಬಂದು, ಮಂಗಳಾರತಿ ಆಗೋಗಂಟ ನಿಂತ್ಕಂಡು ದೂರು ಏಳ್ಬೇಕು. ಕುಂತ್ಕಂಡ್ ಏಳಿದ್ ದೂರು ಅಮ್ಮುಂಗೆ ಮುಟ್ಟಕಿಲ್ಲ."

"ನಿಲ್ಲಕ್ಕಾಗ್ದೋರು ಏನ್ ಮಾಡ್ಬೇಕು?"

"ಆಗೋಗಂಟ ಕಾಯ್ಬೇಕು."

"ದಾರೀಲಿ ಕುಂತ್ಕಬೌದಾ?"

"ದಾರೀಲಿ ಎಲ್ಲಾದ್ರೂ ಕುಂತ್ಕೊ. ಅಮ್ಮನ್ ಮುಂದೆ ಮಾತ್ರ ನಿಂತ್ಕೊ."

ಮುಂದಿನ ಮಂಗಳವಾರ ಹಟದಿಂದ ಒಂದೇ ಉಸಿರಿಗೆ ನಡೆದೆ. ಕೆರೆ ಏರಿ ಹತ್ತುವುದರೊಳಗೆ ಕಾಲು ಸೆಟೆದುಕೊಂಡು ಅಲ್ಲೇ ಕುಸಿದೆ. ಯಾರದೋ ಟ್ರ್ಯಾಕ್ಟರಿನಲ್ಲಿ ಮನೆಗೆ ತಂದು ಇಳಿಸಿದರು. ಜಯ ತನ್ನ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದಳು. "ದೇವ್ರತ್ರನೂ ನಾಟ್ಕವಾ, ಅಕ್ಕ?" ಎಂದಳು.

ಆ ಮಾತೇ ನನ್ನನ್ನು ಎಬ್ಬಿಸಿತು. ನೋವು ಕಡಿಮೆಯಾಗಲಿ ಎಂದು ಹೋಗದವಳು ಅವಳಿಗೆ ಶಾಪ ಹಾಕುವ ಶಕ್ತಿ ಬರಲಿ ಎಂದು ಹುಣಸೂರಿನ ಬಸ್ಸು ಹತ್ತಿದೆ.

ಅಲ್ಲಿ ವ್ಯಾಯಾಮ ಹೇಳಿಕೊಡುವವಳು ಪಿರಿಯಾಪಟ್ಟಣದ ಕಡೆಯ ಹೆಣ್ಣುಮಗಳು. ಕಾಲು ಎತ್ತಿಸಿ, ಮಡಚಿಸಿ ನೋಡಿ, "ನಿಮಗೆ ಮುಖ್ಯವಾಗಿ ಏನು ಮಾಡೋಕೆ ಆಗಬೇಕಮ್ಮ?" ಎಂದು ಕೇಳಿದಳು.

"ಊರಾಚೆ ಗುಡಿವರ್ಗೂ ನಡೀಬೇಕು. ಮಂಗಳಾರತಿ ಆಗೋಗಂಟ ನಿಂತಿರ್ಬೇಕು."

"ಹರಕೆನಾ?"

"ಒಬ್ಬಳಿಗೆ ಶಾಪ ಹಾಕ್ಬೇಕು."

ಅವಳ ಪೆನ್ನು ನಿಂತಿತು. ಬುದ್ಧಿ ಹೇಳುತ್ತಾಳೆ ಎಂದುಕೊಂಡೆ. ಹೇಳಲಿಲ್ಲ. "ಹಾಕೋರಂತೆ ಬಿಡಿ. ಆದರೆ ನೋವು ಬರೋಕೆ ಮೊದಲೇ ಕೂರೋದು ಕಲೀರಿ. ಬಂದ ಮೇಲೆ ಕೂತರೆ ಆ ದಿನ ಅಲ್ಲಿಗೆ ಮುಗೀತು," ಎಂದಳು.

ನೋವು ಬರುವ ಮೊದಲೇ ಕೂರುವುದು! ನಮ್ಮ ಮನೆಗಳಲ್ಲಿ ಹೆಂಗಸು ಕೂರುವುದು ಬಿದ್ದ ಮೇಲೆ. ಚೆನ್ನಾಗಿರುವಾಗ ಕೂತರೆ ಸೋಮಾರಿ. ಅವಳು ಹೇಳಿದ ವ್ಯಾಯಾಮಕ್ಕಿಂತ ಇದೇ ಕಷ್ಟವಾಯಿತು. ಆದರೂ ಕೂತೆ. ಪಾತ್ರೆ ಅರ್ಧ ತೊಳೆದು ಕೂತೆ, ಅಂಗಳ ಅರ್ಧ ಗುಡಿಸಿ ಕೂತೆ. ಜಗಲಿಯಲ್ಲಿ, ಜಯಳಿಗೆ ಕಾಣುವ ಜಾಗದಲ್ಲೇ ಕೂತೆ. "ಕೂತುಕೋ ರತ್ನ, ಅವಳ ಮೇಲೆ ಮಣ್ಣು ತೂರಲು ನಿಲ್ಲಬೇಕಲ್ಲ," ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ನೆಲದ ಮೇಲಿದ್ದ ಒಲೆಯನ್ನು ಎತ್ತರದ ಕಲ್ಲಿನ ಮೇಲೆ ಇಡಿಸಿದೆ. ಗಿಡ್ಡ ಪೊರಕೆಗೆ ಉದ್ದನೆಯ ಕೋಲು ಕಟ್ಟಿದೆ. ತುಂಬಿದ ಬಿಂದಿಗೆ ಮುಟ್ಟುವುದನ್ನು ಬಿಟ್ಟು ಅರ್ಧ ಅರ್ಧ ತಂದೆ. ಬಟ್ಟೆ ಒಗೆಯಲು ಕುಕ್ಕರಗಾಲಲ್ಲಿ ಕೂರದೆ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡೆ. ಮಲಗುವಾಗ ಮಗ್ಗುಲಾಗಿ ಮೊಣಕಾಲುಗಳ ನಡುವೆ ದಿಂಬು. ಮೊದಲ ದಿನ ಅದಕ್ಕೆ ನಾಚಿಕೆಯಾಯಿತು, ಬೆಳಗ್ಗೆ ಎದ್ದಾಗ ನಾಚಿಕೆ ಹೋಗಿತ್ತು. ಹಸುಗಳಿಗೆ ಹುಲ್ಲು ಹೊರುವುದಿಲ್ಲ ಎಂದು ಯಜಮಾನರಿಗೆ ಹೇಳಿಬಿಟ್ಟೆ. "ಅಂಗಾದ್ರೆ ಯಾರ್ ಹೊರ್ಬೇಕು?" ಎಂದರು. ಹಸುಗಳೇ ಕೂಗಿ ಕೂಗಿ ಅವರಿಗೆ ಉತ್ತರ ಹೇಳಿದವು.

ಸುಮ ಒಂದು ಸಂಜೆ ಸುಮ್ಮನೆ ಬಿಸಿನೀರಿನ ಚೀಲ ತಂದು ಸೊಂಟಕ್ಕೆ ಇಟ್ಟಳು. "ಅವತ್ತು ಛತ್ರದಲ್ಲಿ..." ಎಂದು ಶುರು ಮಾಡಿದಳು. "ಬಿಸಿ ಸಾಲ್ದು, ಇನ್ನೊಂಚೂರು ಕಾಯ್ಸು," ಎಂದೆ. ಮಗಳನ್ನು ಅಷ್ಟಕ್ಕೇ ಬಿಟ್ಟೆ. ಉಳಿದವರನ್ನು ಬಿಡುವ ಮನಸ್ಸಿರಲಿಲ್ಲ.

ಮಂಗಳವಾರ ಬಂದರೆ ಮೋರಿಯ ಕಟ್ಟೆ ಮೇಲೆ ಒಂದು ಸಾರಿ, ಹುಣಸೆಮರದ ಬುಡದಲ್ಲಿ ಒಂದು ಸಾರಿ, ಏರಿಯ ಕಲ್ಲಿನ ಮೇಲೆ ಒಂದು ಸಾರಿ ಕೂತು ಕೂತು ಗುಡಿ ಮುಟ್ಟುತ್ತಿದ್ದೆ. ಅಮ್ಮನ ಮುಂದೆ ನಿಂತು ಮಣ್ಣು ತೂರಿ, "ಜಯಲಕ್ಷ್ಮಿ ಎಂಬುವಳ ಸೊಂಟ, ತಾಯಿ," ಎಂದು ಶುರು ಮಾಡಿದರೆ ಸ್ವಲ್ಪ ಹೊತ್ತಿಗೆ ಕಾಲು ನಡುಗಿ ಕೂತುಬಿಡುತ್ತಿದ್ದೆ. ದೂರು ಅರ್ಧಕ್ಕೇ ನಿಲ್ಲುತ್ತಿತ್ತು. ಕೆಲವು ವಾರ ನೋವು ಎಷ್ಟು ಕೆರಳುತ್ತಿತ್ತು ಎಂದರೆ ಹೊಸ್ತಿಲು ದಾಟಲಾಗುತ್ತಿರಲಿಲ್ಲ. ಅಂಥ ದಿನ ಹಲ್ಲು ಕಚ್ಚಿ ನಡೆಯುವುದನ್ನು ಬಿಟ್ಟು ಮಲಗುವುದನ್ನೂ ಕಲಿತೆ. ಶಾಪಕ್ಕೆ ಅವಸರವಿಲ್ಲ, ಮುಂದಿನ ವಾರವೂ ಅವಳು ಗೋಡೆಯಾಚೆಯೇ ಇರುತ್ತಾಳೆ.

ಯುಗಾದಿ ಕಳೆದ ಮೇಲಿನ ಒಂದು ಮಂಗಳವಾರ. ಬಿಸಿಲು ನೆತ್ತಿ ಸುಡುತ್ತಿತ್ತು. ಅವಳು ಹೇಗೆ ಬೀಳಬೇಕು, ಬಿದ್ದಾಗ ಯಾರು ಯಾರು ನಗಬೇಕು ಎಂದು ಅಮ್ಮನಿಗೆ ವಿವರವಾಗಿ ಹೇಳುವುದರಲ್ಲಿ ಮುಳುಗಿದ್ದೆ. "ರತ್ನವ್ವ, ಆರತಿ ತಕ್ಕೊ," ಎಂದ ನಿಂಗಯ್ಯ. ಕಣ್ಣುಬಿಟ್ಟರೆ ಕರ್ಪೂರ ಉರಿಯುತ್ತಿತ್ತು, ಪೂಜೆ ಮುಗಿದಿತ್ತು, ನಾನು ನಿಂತೇ ಇದ್ದೆ. ಏನನ್ನೂ ಹಿಡಿದುಕೊಂಡಿರಲಿಲ್ಲ. ತಂತಿ ಒಳಗೆ ಇತ್ತು, ಆದರೆ ಕಾದಿರಲಿಲ್ಲ.

ಸಂತೋಷವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ಸಿಟ್ಟು. "ನಾನು ಕೇಳಿದ್ದು ಅವಳ ಸೊಂಟ ಕಣವ್ವ! ನನ್ನದನ್ನ ಯಾರು ಕೇಳಿದ್ರು ನಿನ್ನ?" ಎಂದು ಜೋರಾಗಿಯೇ ಅಂದುಬಿಟ್ಟೆ. ನಿಂಗಯ್ಯ ಗಂಟೆ ಹಿಡಿದು ಹಾಗೇ ನಿಂತ. ಅಮ್ಮ ತನ್ನ ಪಾಡಿಗೆ ಬಿಸಿಲಲ್ಲಿ ಕೂತಿದ್ದಳು. ಆಮೇಲೆ ಅಳು ಬಂತು. ನಿಂತುಕೊಂಡೇ ಅತ್ತೆ.

ಇಷ್ಟಕ್ಕೇ ಮುಗಿದಿದ್ದರೆ ನನ್ನ ದೂರು ಹಾಗೇ ಉಳಿಯುತ್ತಿತ್ತು. ಮುಂದಿನ ತಿಂಗಳು ಪಿರಿಯಾಪಟ್ಟಣದಲ್ಲಿ ನೆಂಟರ ಮನೆಯ ಬೀಗರೂಟ. ಸೊಂಟಕ್ಕೆ ಒರಗಿಸಿಕೊಳ್ಳಲು ಒಂದು ಸಣ್ಣ ದಿಂಬು ತೆಗೆದುಕೊಂಡು ಹೋಗಿದ್ದೆ. ಶಾಮಿಯಾನದ ಕೆಳಗೆ ಅದನ್ನು ಕುರ್ಚಿಗೆ ಇಟ್ಟು ಕೂತೆ. ಜಯ ನೋಡಿದಳು.

"ನೋಡ್ರವ್ವ, ನಮ್ಮಕ್ಕ ಸಿಂಹಾಸನನೇ ಒತ್ಕಂಡ್ ಬಂದವ್ಳೆ," ಎಂದು ಕೈಯನ್ನು ಸೊಂಟಕ್ಕಿಟ್ಟು ಅದೇ ನಡಿಗೆ ಎರಡು ಹೆಜ್ಜೆ ನಡೆದಳು. ಒಂದಿಬ್ಬರು ನಕ್ಕರು.

ನಾನು ಎದ್ದೆ. ನಿಧಾನವಾಗಿ, ಕಲಿತ ಹಾಗೆ, ಕೈಯೂರಿ ಎದ್ದೆ. "ತಪ್ಪು ಮಾಡ್ತಿದ್ದೀಯ ಕಣೆ ಜಯ. ಅಂಗಲ್ಲ. ಹಿಮ್ಮಡಿ ನೆಲ ಮುಟ್ಟಬಾರ್ದು. ಬೆನ್ನು ಇನ್ನೂ ಬಗ್ಗಬೇಕು. ಬಗ್ಗು. ಹಾ, ಈಗ ನಡಿ."

"ಅಯ್ಯೋ ಅಕ್ಕ, ತಮಾಸೆಗೆ..."

"ನಂಗೂ ತಮಾಸೆಯೇ. ನಡಿ, ಎಲ್ರೂ ನೋಡ್ತಾವ್ರೆ."

ಎಲ್ಲರೂ ನೋಡುತ್ತಿದ್ದುದರಿಂದ ಅವಳು ನಡೆಯಲೇಬೇಕಾಯಿತು. ಪಕ್ಕದಲ್ಲಿ ನಾನು ನೆಟ್ಟಗೆ ನಡೆದೆ. ಅವಳು ಬೆನ್ನೆತ್ತಲು ಹೋದಾಗೆಲ್ಲ, "ಬಗ್ಗು, ನಾನ್ ಎತ್ತಿದ್ನಾ?" ಎಂದೆ. ದಾರಿಯಲ್ಲಿದ್ದ ನೀರಿನ ಬಿಂದಿಗೆ ತೋರಿಸಿ, "ಇದ್ನೂ ಎತ್ಕೊ, ನಾನು ಬರಿಗೈಲಿ ನಡೆದೋಳಲ್ಲ," ಎಂದೆ. ಅಡುಗೆ ಮಾಡುವ ಜಾಗ ತಲುಪುವಷ್ಟರಲ್ಲಿ ಅವಳ ಹಣೆಯಲ್ಲಿ ಬೆವರು. ಬಿಂದಿಗೆ ಇಳಿಸಿ, ಎರಡೂ ಕೈಯಿಂದ ಸೊಂಟ ಹಿಡಿದುಕೊಂಡು, "ಅಮ್ಮಾ," ಎಂದಳು. ನಾಟಕದ ದನಿಯಾಗಿರಲಿಲ್ಲ ಅದು.

"ಇಷ್ಟಕ್ಕೇ ಸಾಕಾಯ್ತಾ? ನಾನು ಹಿಂಗೇ ಸೊಪ್ಪು ಕಟ್ಟಿದೀನಿ, ಹಿಂಗೇ ನಿಮ್ಗೆಲ್ಲ ಮುದ್ದೆ ಬಡಿಸಿದೀನಿ. ನಡಿ, ಇನ್ನೊಂದ್ ಪಂಕ್ತಿ ಬಡ್ಸೋದದೆ."

ಒಬ್ಬರೂ ನಗಲಿಲ್ಲ. ವಯಸ್ಸಾದ ಒಬ್ಬರು, "ಸಾಕು ಬುಡು ರತ್ನ," ಎಂದರು.

"ಅವತ್ತು ಛತ್ರದಲ್ಲಿ ಯಾರೂ ಸಾಕು ಅನ್ನಲಿಲ್ವಲ್ಲ ದೊಡ್ಡವ್ವ," ಎಂದೆ. ನಾನು ವಾಪಸ್ ಬಂದು ದಿಂಬಿಗೆ ಒರಗಿ ಕೂತೆ. ಆ ದಿನದ ಊಟದಷ್ಟು ರುಚಿಯಾದ ಊಟ ಈ ಐದು ವರ್ಷದಲ್ಲಿ ಉಂಡಿರಲಿಲ್ಲ.

ವಾಪಸ್ ಬರುವಾಗ ಬಸ್ಸು ಹುಣಸೂರು ದಾಟಿದ ಮೇಲೆ ಯಜಮಾನರು, "ಅವತ್ತು ನಾನೂ ನಕ್ಕಿದ್ದೆ ಕಣೆ," ಎಂದರು.

"ಗೊತ್ತು."

"ಏನ್ ಮಾಡ್ಲಿ ಈಗ?"

"ನಾಳೆಯಿಂದ ಹಸುಗಳಿಗೆ ನೀರೂ ನೀವೇ ಇಡಿ," ಎಂದೆ. ಇಡುತ್ತಿದ್ದಾರೆ.

ಅಂದು ಜಯಳನ್ನು ಶಾಮಿಯಾನದ ಉದ್ದಕ್ಕೂ ನಡೆಸಲು ನಾನು ಪಕ್ಕದಲ್ಲಿ ನಡೆಯಬೇಕಿತ್ತಲ್ಲ, ಅದಕ್ಕೆ ಬೇಕಾದ ಸೊಂಟವನ್ನು ಕೊಟ್ಟವಳು ಅಮ್ಮ. ಕೇಳಿದ್ದನ್ನು ಕೊಡಲಿಲ್ಲ ಎಂದು ಜಗಳವಾಡಿದವಳಿಗೆ ಆಮೇಲೆ ಅರ್ಥವಾಯಿತು, ಕೇಳಿದ್ದನ್ನು ನಾನೇ ಎದ್ದು ಹೋಗಿ ಪಡೆಯುವ ಹಾಗೆ ಮಾಡಿದಳು. ನೋವು ಹೋಗಿಲ್ಲ. ಚಳಿಗಾಲದಲ್ಲಿ ಕೆರಳುತ್ತದೆ, ದೂರದ ಬಸ್ಸು ಹತ್ತಿದರೆ ಎರಡು ದಿನ ಮಲಗುತ್ತೇನೆ. ಆದರೆ ದಿನದ ಯಜಮಾನಿಕೆ ಈಗ ಅದರದ್ದಲ್ಲ, ನನ್ನದು. ನಿಮ್ಮಲ್ಲಿ ಯಾರಿಗಾದರೂ ಇಂಥ ಕಾಣದ ನೋವಿದ್ದರೆ ತಾಯಿಯನ್ನು ನಂಬಿ, ಬಿಂದಿಗೆ ಅರ್ಧ ತುಂಬಿಸಿ, ಬೀಳುವ ಮೊದಲೇ ಕೂತುಕೊಳ್ಳಿ. ನಕ್ಕವರ ಹೆಸರು ಮರೆಯಬೇಕೆಂದು ಅಮ್ಮ ನನಗೆ ಎಂದೂ ಹೇಳಿಲ್ಲ.

ಹೋದ ವಾರ ನಿಂಗಯ್ಯ ಕೇಳಿದ, "ದೂರು ಎತ್ಬುಡ್ಲೇನವ್ವ? ಒಂದ್ ಹಿಡಿ ಮಣ್ಣು ವಾಪಸ್ ತಕ್ಕಂಡ್ ಓಗಿ ಹೊಲಕ್ಕೆ ಹಾಕುದ್ರೆ ಆಯ್ತು."

"ಎತ್ತಿದ್ರೆ ನಾನು ಮನೇಲೇ ಕುಂತ್ಬುಡ್ತೀನಿ. ನಡೆಯೋಕೆ ಕಾರಣ ಬೇಡ್ವಾ? ಇರ್ಲಿ ಬುಡಿ," ಎಂದೆ.

ನಿಂಗಯ್ಯ ಅಮ್ಮನ ಕಡೆ ನೋಡಿದ. ಅಮ್ಮ ಬೇಡ ಎಂದ ಹಾಗೆ ಇಬ್ಬರಿಗೂ ಕಾಣಲಿಲ್ಲ.

ನನ್ನನ್ನು ನಿಲ್ಲಿಸಿದ ತಾಯಿಯ ಪಾದಕ್ಕೆ ಸಾವಿರ ಶರಣು. ನಾಳೆ ಮಂಗಳವಾರ. ಬೇಗ ಮಲಗಬೇಕು.