ಹಳಿಯ ಮೇಲಿದ್ದ ಕಲ್ಲಿದ್ದಲು

ನಮ್ಮ ಮನೆಯಲ್ಲಿ ಹಾಲು ಅನಿಲದ ಒಲೆಯ ಮೇಲೆ ಕಾಯುತ್ತದೆ, ಅನ್ನ ವಿದ್ಯುತ್ ಕುಕ್ಕರಿನಲ್ಲಿ ಬೇಯುತ್ತದೆ, ಸ್ನಾನದ ನೀರನ್ನು ತಾರಸಿಯ ಮೇಲೆ ಸೂರ್ಯನೇ ಬಿಸಿಮಾಡಿ ಕಳಿಸುತ್ತಾನೆ. ಓದುಗ ಮಿತ್ರರೇ, ಈ ಮೂರಕ್ಕೂ ದೆಹಲಿಯಲ್ಲಿ ಮೂರು ಸಚಿವಾಲಯಗಳು. ಕಲ್ಲಿದ್ದಲಿಗೂ ಅಣುಶಕ್ತಿಗೂ ಮತ್ತೆ ಬೇರೆ ಬಾಗಿಲುಗಳು. ನನ್ನ ಹೆಂಡತಿ ಮಾತ್ರ ಒಂದೇ ಅಡುಗೆಕಟ್ಟೆಯ ಮುಂದೆ ನಿಂತು, ಒಂದು ಕೈಕೊಟ್ಟರೆ ಇನ್ನೊಂದನ್ನು ಹಚ್ಚಿ, ಇಡೀ ಇಂಧನ ನೀತಿಯನ್ನು ಎಂಟು ಗಂಟೆಯೊಳಗೆ ಮುಗಿಸುತ್ತಾಳೆ.

೧೯೯೨ರಲ್ಲಿ ಒಡೆದ ಇಂಧನ ಸಚಿವಾಲಯವನ್ನು ಮತ್ತೆ ಕೂಡಿಸಬೇಕೆಂದು ಪುಣೆಯ ನಮ್ಮ ಕನ್ನಡಿಗರ ಸಂಚಿಕೆಯೊಂದಕ್ಕೆ ಕಳೆದ ವಾರ ಲೇಖನ ಬರೆಯತೊಡಗಿದ್ದೆ. ಆಧಾರಕ್ಕಾಗಿ, ವಿದ್ಯುತ್ ಇಲಾಖೆಯ ಸಂಶೋಧಕನಾಗಿದ್ದಾಗ ನಾನೇ ಸಿದ್ಧಪಡಿಸಿದ್ದ ಹಳೆಯ ವರದಿಯನ್ನು ಕಪಾಟಿನಿಂದ ತೆಗೆದೆ. ಗಣಿಯೊಂದರಿಂದ ಹೊರಟ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಕಡಿಮೆಯಾಗಿ ಕಂಡದ್ದರ ತನಿಖೆ ಅದು. ದಿನಾಂಕಗಳನ್ನು ಎರಡೆರಡು ಸಲ ತಾಳೆ ನೋಡದೆ ನಾನು ಹಾಳೆ ಮಗುಚುವವನಲ್ಲ. ಅಂದೂ ನೋಡಿದ್ದೆ, ಕಲ್ಲಿದ್ದಲು, ವಿದ್ಯುತ್ ಎರಡೂ ಇಲಾಖೆಗಳ ಪಟ್ಟಿಗಳು ಮಾರ್ಚ್ ಮೂವತ್ತೊಂದಕ್ಕೇ ಮುಗಿದಿದ್ದವು. ಕೊರತೆಗೆ ಗಣಿಯ ಲೋಡಿಂಗ್ ಉಸ್ತುವಾರಿಯೇ ಹೊಣೆಯೆಂದು ಬರೆದು ಸಹಿ ಹಾಕಿದ್ದೆ.

ಈಗ ಅಡಿಟಿಪ್ಪಣಿಗಳನ್ನು ಓದಿದಾಗ ನನ್ನ ತಪ್ಪು ಕಂಡಿತು. ಗಣಿಯವರು ಬರೆದದ್ದು ವ್ಯಾಗನ್ನಿಗೆ ತುಂಬಿದ ದಿನ. ಸ್ಥಾವರದವರು ಬರೆದದ್ದು ಇಳಿಸಿಕೊಂಡ ದಿನ. ವರ್ಷದ ಗುರಿ ಮುಟ್ಟಲೆಂದು ಗಣಿಯವರು ಮಾರ್ಚ್ ಕೊನೆಯಲ್ಲಿ ಅವಸರದಿಂದ ತುಂಬಿ ಕಳಿಸುವುದು ರೂಢಿ. ಕಳವಾಯಿತೆಂದು ನಾನು ಬಗೆದದ್ದು ಆಗ ಹಳಿಗಳ ಮೇಲೆ ಸಾಗುತ್ತಿತ್ತು. ಅದೇ ಕಡತದಲ್ಲಿದ್ದ ಸ್ಥಾವರದ ಏಪ್ರಿಲ್ ಪಟ್ಟಿಯಲ್ಲಿ ಅಷ್ಟೂ ಬಂದಿಳಿದಿತ್ತು. ಮುಂದಿನ ಹಣಕಾಸು ವರ್ಷದ್ದೆಂದು ಅದನ್ನು ನಾನೇ ಬದಿಗಿಟ್ಟಿದ್ದೆ. ಎರಡೂ ಇಲಾಖೆಗಳು ಸತ್ಯವನ್ನೇ ಬರೆದಿದ್ದವು. ಆ ಎರಡು ಸತ್ಯಗಳ ನಡುವೆ ಒಬ್ಬ ಮನುಷ್ಯ ಸಿಕ್ಕಿಬಿದ್ದಿದ್ದ. ಇಲಾಖೆಗಳು ಒಂದಾಗಬೇಕೆಂದು ಈಗಲೂ ನಂಬುತ್ತೇನೆ. ಆದರೆ ಫಲಕ ಬದಲಿಸಿದರೆ ಸಾಲದು, ತುಂಬಿದವನೂ ಇಳಿಸಿಕೊಂಡವನೂ ಒಂದೇ ಹಾಳೆಯ ಮೇಲೆ ಬರೆಯಬೇಕು.

ಆ ಉಸ್ತುವಾರಿ, ವಿಜಯಪುರದ ವಾಮನರಾಯರು, ಈಗ ಪುಣೆಯ ಬಿಬವೇವಾಡಿಯಲ್ಲಿ ನಮ್ಮಿಂದ ಎರಡು ಓಣಿ ಆಚೆಗಿದ್ದಾರೆ. ಆ ವರದಿಯಿಂದ ಅವರ ಬಡ್ತಿ ನಿಂತುಹೋಗಿತ್ತು. ವರದಿ ಹಿಡಿದು ಹೋಗಿ ಎಲ್ಲವನ್ನೂ ಹೇಳಿದೆ. ಅವರು ನಕ್ಕುಬಿಟ್ಟರು.

"ರೈಲು ಇನ್ನೂ ದಾರ್ಯಾಗ ಅದ ಅಂತ ಆವಾಗೇ ಪತ್ರ ಬರದಿದ್ದೆನ್ರೀ ಸಾಹೇಬ್ರ."

"ನನಗೆ ತಲುಪಲೇ ಇಲ್ಲವಲ್ಲ ರಾಯರೇ?"

"ಹೆಂಗ ಮುಟ್ಟತದ್ರೀ? ನಮ್ಮ ಇಲಾಖೆಯಿಂದ ನಿಮ್ಮ ಇಲಾಖೆಗೆ ಬರಬೇಕಲ್ಲ! ಕಲ್ಲಿದ್ದಲಾದ್ರೂ ಬಂದು ಮುಟ್ಟಿತು, ಪುಣ್ಯಾ."

ನಾನು ಕ್ಷಮೆ ಕೇಳತೊಡಗಿದಾಗ ಕೈಯೆತ್ತಿ ತಡೆದರು, ದನಿ ತಗ್ಗಿತು.

"ಬಡ್ತಿ ಹೋತು, ಹೋಗ್ಲಿ ಬಿಡ್ರಿ. ಮಂದಿ ಮಾತೂ ಬಿಡ್ರಿ. ಆದ್ರ ನನ್ನ ಮನಿಯಾಕಿ ಒಮ್ಮೆ ಕೇಳಿದ್ಳು, 'ಖರೇ ಹೇಳ್ರಿ, ಯಾರಿಗೆ ಮಾರಿದ್ರಿ?' ಅಂತ. ಒಮ್ಮೇ ಕೇಳಿದ್ಳು. ನಾ ಏನಂದ್ರೂ ನಂಬಲಿಲ್ಲ." ಒಳಗೆ ತಿರುಗಿ ಕೂಗಿದರು, "ಸುಶೀಲಾ, ಇಲ್ಲಿ ಬಾ. ಸಾಹೇಬ್ರು ಏನೋ ಓದ್ತಾರಂತ."

ಸುಶೀಲಾಬಾಯಿಯವರು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತರು. ನನ್ನ ತೀರ್ಮಾನವನ್ನೂ ಅದರ ಕೆಳಗಿನ ನನ್ನ ಸಹಿಯನ್ನೂ ಮೊದಲು ಓದಿದೆ. ಬಳಿಕ ಏಪ್ರಿಲ್ ಪಟ್ಟಿಯನ್ನು ಒಂದೊಂದೇ ಸಾಲಾಗಿ ಓದಿದೆ.

"ಅಂದ್ರ, ಎಲ್ಲಾ ಮುಟ್ಟಿತ್ತೇನ್ರೀ?"

"ಎಲ್ಲವೂ ಮುಟ್ಟಿತ್ತು, ತಾಯಿ. ತಪ್ಪು ನನ್ನದು."

ಸುಶೀಲಾಬಾಯಿಯವರು ನಿಧಾನವಾಗಿ ಬಂದು ಗಂಡನ ಪಕ್ಕದಲ್ಲಿ ಕುಳಿತರು.