ದೈಗಕ್ಕೋದ ಕೊನೆಯ ‘ಕೋ’

ಜಪಾನಿನಲ್ಲಿ ನಾನು ಓದಿದ ಜಾಗದ ಹೆಸರು ‘ಕೋ’ ಎಂದು ಮುಗಿಯುತ್ತದೆ. ಆ ಒಂದಕ್ಷರದ ಮೇಲೆ ನನಗಿರುವಷ್ಟು ಸಿಟ್ಟು ಇನ್ಯಾವ ಅಕ್ಷರದ ಮೇಲೂ ಯಾರಿಗೂ ಇರಲಿಕ್ಕಿಲ್ಲ.

ದೈಗಕು ಎಂದರೆ ವಿಶ್ವವಿದ್ಯಾಲಯ. ಶಿಕ್ಷಣ ಇಲಾಖೆಯ ಕಾನೂನಿನೊಳಗೆ ಬರುವಂಥವು ಮಾತ್ರ ಆ ಹೆಸರು ಇಟ್ಟುಕೊಳ್ಳಬಹುದು. ಸರ್ಕಾರದ ಬೇರೆ ಇಲಾಖೆಗಳು ತಮಗೆ ಬೇಕಾದವರನ್ನು ತಯಾರು ಮಾಡಲು ನಡೆಸುವ ಕಾಲೇಜು ಇದ್ದರೆ ಅದು ದೈಗಕ್ಕೋ. ಕರಾವಳಿ ಕಾವಲಿನವರಿಗೆ ಒಂದಿದೆ, ಹವಾಮಾನದವರಿಗೆ ಒಂದಿದೆ, ಮೀನಿನವರಿಗೂ ಒಂದಿದೆ. ನನ್ನದು ಮೀನಿನದು. ಮಲ್ಪೆಯ ಕಡಲು ನೋಡಿ ಬೆಳೆದವನು ವಿದ್ಯಾರ್ಥಿವೇತನ ಸಿಕ್ಕಿತೆಂದು ಹಿಗ್ಗಿ ಅಲ್ಲಿಗೆ ಹೋದೆ. ನಾಲ್ಕು ವರ್ಷ ಮರಿ ಮೀನು ಸಾಕಿದೆ, ತರಬೇತಿ ಹಡಗಿನಲ್ಲಿ ವಾಂತಿ ಮಾಡಿದೆ, ಪಾಸಾದೆ. ಆದರೆ ಪದವಿಯನ್ನು ಆ ಕಾಲೇಜೇ ಕೊಡುವಂತಿಲ್ಲ. ಇಂಥ ಕಾಲೇಜುಗಳವರ ಓದನ್ನು ಪರಿಶೀಲಿಸಿ ಪದವಿ ಕೊಡಲೆಂದೇ ಬೇರೊಂದು ಸಂಸ್ಥೆಯಿದೆ. ಅಡುಗೆ ಒಂದು ಮನೆಯಲ್ಲಿ, ಬಡಿಸುವುದು ಇನ್ನೊಂದು ಮನೆಯಲ್ಲಿ. ಇಷ್ಟಾಗಿಯೂ ಗೇಟಿನ ಮೇಲಿನ ಇಂಗ್ಲಿಷ್ ಬೋರ್ಡಿನಲ್ಲಿ ಮಾತ್ರ ‘ಯೂನಿವರ್ಸಿಟಿ’ ಎಂದೇ ಇತ್ತು.

ನಾನು ಬಾಯಿತಪ್ಪಿ ‘ನಮ್ಮ ದೈಗಕು’ ಅಂದಾಗಲೆಲ್ಲ ಅಲ್ಲಿನ ಮೇಷ್ಟ್ರು ನಗುತ್ತಲೇ ‘ದೈಗಕ್ಕೋ’ ಎಂದು ತಿದ್ದುತ್ತಿದ್ದರು. ಅವರಿಗೆ ಅದರಲ್ಲಿ ಒಂದು ಹೆಮ್ಮೆಯಿತ್ತು. ನಾವು ಪುಸ್ತಕದವರಲ್ಲ, ಕೆಲಸದವರು ಎಂಬ ಹೆಮ್ಮೆ. ಕೊನೆಕೊನೆಗೆ ನನಗೂ ಅದು ಅಂಟಿತು.

ಗಲ್ಫಿಗೆ ಬಂದಮೇಲೆ ಆ ಹೆಮ್ಮೆಯನ್ನು ಯಾರೂ ಕೇಳಲಿಲ್ಲ. ಮುಸಫ್ಫಾದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಸಿಕ್ಕಿತು. ವೀಸಾದಲ್ಲಿ ಬರೆದದ್ದು ಸ್ಟೋರ್ ಕೀಪರ್. ಹೊರಗೆ ಬೆಂಕಿ ಬಿಸಿಲು, ಒಳಗೆ ಹಲ್ಲು ಕಟಕಟಿಸುವ ಚಳಿ, ಸುತ್ತ ಹೆಪ್ಪುಗಟ್ಟಿ ಕಲ್ಲಾದ ಅಂಜಲ್, ಬಂಗುಡೆ ಮೀನು. ಜೀವಂತ ಮೀನಿನ ಉಸಿರಾಟ ಓದಿದವನು ಸತ್ತ ಮೀನಿನ ಪೆಟ್ಟಿಗೆ ಕಾಯುತ್ತ ವರ್ಷಗಳು ಹೋದವು. ಕೋಲ್ಡ್ ರೂಮಿನ ಬಾಗಿಲಿಗೆ ಒಳಗಿನಿಂದಲೂ ತೆರೆಯುವ ಒಂದು ಗುಂಡಿಯಿದೆ. ಯಾರೂ ಒಳಗೆ ಸಿಕ್ಕಿಬೀಳಬಾರದೆಂದು ಇಟ್ಟದ್ದು. ಅದನ್ನು ಒತ್ತಿ ಹೊರಗೆ ಬಂದಾಗಲೂ ನಾನು ಒಳಗೇ ಇದ್ದೇನೆ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಖಾಲಿದಿಯಾದ ಒಂದು ಕಂಪನಿಯಿಂದ ಕರೆ ಬಂತು. ಅವರು ಇಲ್ಲಿಯವರು ಇಷ್ಟಪಡುವ ಹಮೂರ್ ಮೀನಿನ ಮರಿಗಳನ್ನು ಬೆಳೆಸುವ ಕೇಂದ್ರ ತೆರೆಯುತ್ತಿದ್ದರು. ಅದನ್ನು ನೋಡಿಕೊಳ್ಳಲು ನಾನೇ ಬೇಕೆಂದರು. ಒಂದೇ ಷರತ್ತು, ನನ್ನ ಪದವಿ ವಿಶ್ವವಿದ್ಯಾಲಯದ್ದೆಂದು ಖಾತ್ರಿಯಾಗಬೇಕು. ಅದೇ ದಿನದಿಂದ ಹೆಂಡತಿ, ನಾನು ಕೆಲಸ ಮುಗಿಸಿ ಬಂದೊಡನೆ ನನ್ನ ಕೋಲ್ಡ್ ರೂಮಿನ ಜಾಕೆಟನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಗಿಲ ಪಕ್ಕ ಇಡತೊಡಗಿದಳು. ಅವಳ ಮನೆಮಾತು ಕೊಂಕಣಿ, ನನ್ನದು ತುಳು. ಹಾಗಾಗಿ ನಮ್ಮ ಸಂಸಾರ ನಡೆಯುವುದು ಮಂಗಳೂರು ಕನ್ನಡದಲ್ಲಿ.

“ಯೆಸ್ ಬಂದ ಕೂಡ್ಲೆ ಇದನ್ನು ಬಿಸಾಡ್ಲಿಕ್ಕೆ ಉಂಟು. ಮನೆಯಿಡೀ ಮೀನಿನ ವಾಸನೆ” ಅಂದಳು.

ದುಬೈಯ ಅಲ್ ಬರ್ಷಾದಲ್ಲಿರುವ ಏಜೆನ್ಸಿಯೊಂದು ಪರಿಶೀಲನೆ ಶುರುಮಾಡಿತು. ಪದವಿ ಕೊಟ್ಟ ಸಂಸ್ಥೆಯನ್ನು ಕೇಳಿದರು. ಪದವಿ ನಮ್ಮದೇ, ಆದರೆ ಈತ ನಮ್ಮಲ್ಲಿ ಓದಿಲ್ಲ ಎಂದು ಉತ್ತರ ಬಂತು. ಕಾಲೇಜನ್ನು ಕೇಳಿದರು. ಈತ ನಮ್ಮಲ್ಲೇ ಓದಿದ್ದಾನೆ, ಆದರೆ ನಾವು ವಿಶ್ವವಿದ್ಯಾಲಯವಲ್ಲ, ದೈಗಕ್ಕೋ ಎಂದು ಉತ್ತರ ಬಂತು. ಎರಡೂ ಸತ್ಯ. ಎರಡು ಸತ್ಯಗಳ ನಡುವೆ ನಾನು ಅಪ್ಪಚ್ಚಿ.

ಸಿಟ್ಟಿನಲ್ಲಿ ನಾನೇ ಕಾಲೇಜಿನ ಕಚೇರಿಗೆ ಫೋನು ಮಾಡಿದೆ. ಎತ್ತಿದವರು ನಾನಿದ್ದಾಗಲೇ ಅಲ್ಲಿದ್ದ ಹಳೆಯ ಗುಮಾಸ್ತರು. ಗುರುತು ಹಿಡಿದು ಸಂತೋಷಪಟ್ಟರು, ಅಲ್ಲಿ ಸೆಕೆ ಹೇಗಿದೆ ಎಂದು ಕೇಳಿದರು. ನಾನು ನಮ್ಮ ಊರಿನ ಬುದ್ಧಿಯನ್ನೇ ಜಪಾನಿ ಭಾಷೆಗೆ ಇಳಿಸಿ, ಸ್ವಲ್ಪ ಅಡ್ಜಸ್ಟ್ ಮಾಡಿ, ವಿಶ್ವವಿದ್ಯಾಲಯ ಎಂದೇ ಬರೆದುಕೊಡಿ ಎಂದೆ.

ಆಚೆ ಕಡೆ ಉಸಿರು ಎಳೆದುಕೊಂಡ ಸದ್ದು. ಆಮೇಲೆ, “ಸೊರೆ ವ, ಚೊತ್ತೊ…”

ಅಂದರೆ, ಅದು ಸ್ವಲ್ಪ. ಅಷ್ಟೇ, ಮುಂದೆ ಏನೂ ಇಲ್ಲ. ನಾವು ಕನ್ನಡದವರು ಸ್ವಲ್ಪ ಎಂದರೆ ಎಲ್ಲೋ ಒಂದು ಬಾಗಿಲು ತೆರೆದುಕೊಳ್ಳುತ್ತದೆ. ಸ್ವಲ್ಪ ಸರಿಯಿರಿ, ಸ್ವಲ್ಪ ನೋಡಿ, ಸ್ವಲ್ಪ ಜಾಗ ಕೊಡಿ. ಅವರು ಸ್ವಲ್ಪ ಎಂದು ಮಾತು ನಿಲ್ಲಿಸಿದರೆ ಬಾಗಿಲು ಮುಚ್ಚಿತೆಂದೇ ಅರ್ಥ. ಇಲ್ಲ ಎಂದು ಹೇಳಿ ನೋಯಿಸಲಾಗದವರು ಹೇಳುವ ಇಲ್ಲ ಅದು. ಹೆಂಡತಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ.

“ಎಂತ ಜನ ಮಾರಾಯ್ರೆ, ಅರ್ಧದಲ್ಲೇ ಬಿಟ್ಟು ಬಿಡುದಾ?” ಎಂದು ಅವಳು ರೇಗಿದಳು.

ಖಾಲಿದಿಯಾದ ಕಂಪನಿಯ ಎಚ್‌ಆರ್ ಈಜಿಪ್ಟಿನವರು, ಒಳ್ಳೆಯ ಮನುಷ್ಯ. ಅವರೇ ಒಂದು ದಾರಿ ಹುಡುಕಿದರು. ಇಂಗ್ಲಿಷ್ ಹೆಸರಿನಲ್ಲಿ ಯೂನಿವರ್ಸಿಟಿ ಎಂದಿದೆಯಲ್ಲ, ಅದೊಂದು ವಿಶ್ವವಿದ್ಯಾಲಯವೇ ಎಂದು ನಾನು ಅವರೆದುರು ಬಾಯಿಬಿಟ್ಟು ಹೇಳಿದರೆ, ತಮ್ಮ ಜವಾಬ್ದಾರಿಯಲ್ಲಿ ಕಡತವನ್ನು ಇನ್ನೊಮ್ಮೆ ಕಳಿಸುತ್ತೇನೆಂದರು. ಆ ದಿನ ಬೆಳಿಗ್ಗೆ ದೋಸೆ ಹಾಕುತ್ತಲೇ ಹೆಂಡತಿ ನನಗೆ ಪಾಠ ಮಾಡಿದಳು.

“ಬೇರೆ ಕಥೆ ಹೇಳ್ಲಿಕ್ಕೆ ಹೋಗ್ಬೇಡಿ. ಯೆಸ್ ಸರ್, ಅಷ್ಟೇ.”

ಶಾಲೆಗೆ ಹೊರಟಿದ್ದ ಮಗಳೂ ಶೂ ಕಟ್ಟುತ್ತಾ, “ಪಪ್ಪಾ, ಜಸ್ಟ್ ಸೇ ಯೆಸ್” ಅಂದಳು.

ಕಚೇರಿಯಲ್ಲಿ ಚಹಾ ಬಂತು. ಎಚ್‌ಆರ್ ಪೆನ್ನು ಎತ್ತಿ, “ಯೂನಿವರ್ಸಿಟಿ, ಯೆಸ್ ಆರ್ ನೋ? ಯಲ್ಲಾ, ಬೇಗ ಒಂದು ಮಾತು, ಖಲಾಸ್” ಎಂದು ನಕ್ಕರು.

ನನಗೆ ಆ ಕೆಲಸ ಬೇಕಿತ್ತು. ಬಾಯಾರಿದವನಿಗೆ ನೀರು ಬೇಕಾದ ಹಾಗೆ ಬೇಕಿತ್ತು. ಯೆಸ್ ಎನ್ನಲು ಬಾಯಿ ತೆರೆದೆ. ಮೇಷ್ಟ್ರ ನಗು ನೆನಪಾಯಿತು, ‘ಕೋ’ ಎಂದು ಎಳೆಯುವ ಆ ಧ್ವನಿ ನೆನಪಾಯಿತು. ನನ್ನ ಬಾಯಿಂದ ಬಂದದ್ದು, “ದಟ್ ಈಸ್… ಎ ಲಿಟಲ್…”

ಅವರು ಪೆನ್ನು ಹಿಡಿದುಕೊಂಡೇ ವಾಕ್ಯ ಮುಗಿಯಲೆಂದು ಕಾದರು. ಎಷ್ಟು ಕಾದರೂ ಅದು ಅಲ್ಲಿಗೇ ಮುಗಿದಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು, ಅದರ ಜೊತೆಗೆ ಹಾಳು ಹೆಮ್ಮೆಯೂ ಆಯಿತು.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

“ಎಂತ ಆಯ್ತು? ಯೆಸ್ ಅಂದ್ರಾ?”

“ಅದು ಸ್ವಲ್ಪ…” ಎಂದೆ.

ಮುಂದಿನ ಮಾತಿಗೆ ಅವಳು ಕಾಯಲಿಲ್ಲ. ಬಾಗಿಲ ಪಕ್ಕದ ಚೀಲ ಬಿಚ್ಚಿ, ಜಾಕೆಟನ್ನು ಹೊರಗೆ ತೆಗೆದು, ವಾಷಿಂಗ್ ಮಷೀನಿಗೆ ಹಾಕಿದಳು.